ಕುಡಿಸುವವರ ಮೇಲೆ ಕಣ್ಣಿರಲಿ

ಪ್ರಶ್ನೆ: ಬಳ್ಳಾರಿಯ ಹೊರವಲಯದಲ್ಲಿ, ಹೊಸಪೇಟೆ ರಸ್ತೆಯ ಬದಿಗೆ ಇರುವ ಒಂದು ಬಾರ್ ಅಂಡ್ ರೆಸ್ಟೋರೆಂಟ್‌ನಲ್ಲಿ ನಾನು ಮ್ಯಾನೇಜರ್. ಮೇಲಿನ ಮಹಡಿಯಲ್ಲಿ ಲಾಡ್ಜ್ ಇದೆ. ಇತ್ತೀಚೆಗೆ ಕಂಪನಿಗಳ ಪಾರ್ಟಿಗಳು ಹೆಚ್ಚಾಗಿವೆ, ಹೆಣ್ಣುಮಕ್ಕಳೂ ಬರುತ್ತಾರೆ. ಕಳೆದ ತಿಂಗಳು ಅಂಥದೊಂದು ಪಾರ್ಟಿ ಮುಗಿಯುವ ಹೊತ್ತಿಗೆ ಒಬ್ಬ ಯುವತಿಗೆ ನಿಲ್ಲಲೂ ಆಗುತ್ತಿರಲಿಲ್ಲ. ಅವರ ಹಿರಿಯ ಸಹೋದ್ಯೋಗಿಯೊಬ್ಬರು ಕೌಂಟರ್‌ಗೆ ಬಂದು, "ಸ್ವಲ್ಪ ಹೊತ್ತು ಮಲಗಿಸುತ್ತೇನೆ, ಮೇಲೆ ಒಂದು ರೂಮ್ ಕೊಡಿ" ಎಂದರು. ಆ ಟೇಬಲ್ ನೋಡಿಕೊಳ್ಳುತ್ತಿದ್ದ ಸಪ್ಲೈಯರ್ ಹುಡುಗ ನನ್ನ ಪಕ್ಕಕ್ಕೆ ಬಂದು, "ಕೀ ಕೊಡಬೇಡಿ ಸರ್" ಎಂದ. ಕೊಡಲಿಲ್ಲ. ಆತ ಗಲಾಟೆ ಮಾಡಿ, ಬಿಲ್‌ನ ಅರ್ಧ ಬಾಕಿ ಉಳಿಸಿ ಹೋದರು. ಯುವತಿಯನ್ನು ಅವರ ಗೆಳತಿ ಬಂದು ಕರೆದುಕೊಂಡು ಹೋದರು. ಮರುದಿನ ಮಾಲೀಕರು ಹುಡುಗನನ್ನು ಬೈದು, ಬಾಕಿ ಹಣವನ್ನು ಅವನ ಸಂಬಳದಲ್ಲಿ ಹಿಡಿಯಲು ಹೇಳಿದ್ದಾರೆ. "ಗಿರಾಕಿಗಳ ಸ್ವಂತ ವಿಷಯ ನಮಗೇಕೆ? ಹೆಣ್ಣುಮಕ್ಕಳನ್ನೇ ಒಳಗೆ ಬಿಡದಿದ್ದರೆ ತಲೆನೋವೇ ಇರುವುದಿಲ್ಲ" ಎನ್ನುತ್ತಾರೆ. ಹುಡುಗ ಮಾಡಿದ್ದು ಸರಿಯೇ? ಇಂಥ ಸಂದರ್ಭಕ್ಕೆ ಸಿಬ್ಬಂದಿಗೆ ತರಬೇತಿ ಎಂದು ಏನಾದರೂ ಕೊಡಲು ಸಾಧ್ಯವೇ?

ಉತ್ತರ: ಮೊದಲು ಹುಡುಗನ ಸಂಬಳದ ವಿಷಯ. ತಿಂಗಳ ಕೊನೆಯೊಳಗೆ ಅದು ಇತ್ಯರ್ಥವಾಗಬೇಕು. ಗಿರಾಕಿ ಬಾಕಿ ಉಳಿಸಿ ಹೋದರೆ ಸಪ್ಲೈಯರ್ ತಲೆಗೆ ಕಟ್ಟುವುದು ನಮ್ಮ ಕಡೆಯ ಬಾರ್‌ಗಳಲ್ಲಿ ಹಳೆಯ ರೂಢಿ. ಕಾನೂನು ಹಾಗೆ ಹೇಳುವುದಿಲ್ಲ. ನಷ್ಟವು ನೇರವಾಗಿ ನೌಕರನ ನಿರ್ಲಕ್ಷ್ಯದಿಂದ ಆಗಿರಬೇಕು, ಅವನ ವಿವರಣೆಯನ್ನು ಕೇಳಿರಬೇಕು. ಆಗಷ್ಟೇ ಸಂಬಳದಲ್ಲಿ ಹಿಡಿಯಬಹುದು. ಇಲ್ಲಿ ನಿರ್ಲಕ್ಷ್ಯ ಎಲ್ಲಿದೆ? ಪಾರ್ಟಿ ಬುಕ್ ಮಾಡಿದ ಕಂಪನಿಯ ಹೆಸರಿಗೆ ಬಾಕಿ ಬಿಲ್ ಕಳುಹಿಸಿ, ಬಾಕಿ ಉಳಿದ ಕಾರಣವನ್ನೂ ಒಂದು ಸಾಲಿನಲ್ಲಿ ಬರೆಯಿರಿ. ಯುವತಿಯ ಹೆಸರು ಬರೆಯಬೇಡಿ.

ಹುಡುಗ ಮಾಡಿದ್ದು ಸರಿ. ಜೊತೆಗೆ ನಿಮ್ಮ ಮಾಲೀಕರನ್ನೂ ದೊಡ್ಡ ಗಂಡಾಂತರದಿಂದ ಪಾರುಮಾಡಿದ್ದಾನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂ ಅತ್ಯಾಚಾರ ಎಂದರೇನು ಎಂದು ವಿವರಿಸುತ್ತದೆ. ಅಮಲಿನಿಂದಾಗಿ, ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆ, ಅದರಿಂದ ಏನಾಗುತ್ತದೆ ಎಂದು ತಿಳಿಯಲಾಗದ ಸ್ಥಿತಿಯಲ್ಲಿ ಹೆಣ್ಣು ಹೂಂ ಎಂದರೂ ಅದನ್ನು ಕಾನೂನು ಒಪ್ಪಿಗೆ ಎಂದು ಪರಿಗಣಿಸುವುದಿಲ್ಲ. ಆಕೆ ತಾನಾಗಿ ಕುಡಿದಿದ್ದರೂ ಅಷ್ಟೇ, ಇನ್ನೊಬ್ಬರು ಕುಡಿಸಿದ್ದರೂ ಅಷ್ಟೇ. ಹಾನಿ ಮಾಡುವ ಉದ್ದೇಶದಿಂದ ಅಮಲಿನ ವಸ್ತು ಕೊಡುವುದೇ 123ನೇ ಕಲಂ ಪ್ರಕಾರ ಪ್ರತ್ಯೇಕ ಅಪರಾಧ. ಹತ್ತು ವರ್ಷದವರೆಗೆ ಶಿಕ್ಷೆಯಿದೆ. ಅಂದು ಕೀ ಕೊಟ್ಟು ಏನಾದರೂ ಆಗಿದ್ದರೆ ಪೊಲೀಸರು ಮೊದಲು ಕೇಳುತ್ತಿದ್ದದ್ದು ನಿಮ್ಮ ಲಾಡ್ಜ್ ರಿಜಿಸ್ಟರ್, ಆಮೇಲೆ ಕೀ ಕೊಟ್ಟವರ ಹೆಸರು.

ಇನ್ನು ಹೆಣ್ಣುಮಕ್ಕಳನ್ನೇ ಒಳಗೆ ಬಿಡುವುದಿಲ್ಲ ಎಂಬ ಮಾತು. ಪಂಜಾಬ್ ಅಬಕಾರಿ ಕಾಯ್ದೆಯಲ್ಲಿ, ಮದ್ಯ ಪೂರೈಸುವ ಜಾಗದಲ್ಲಿ ಹೆಂಗಸರು ಕೆಲಸ ಮಾಡಬಾರದು ಎಂಬ ನಿಯಮವಿತ್ತು. 2007ರಲ್ಲಿ ಅನುಜ್ ಗಾರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ರಕ್ಷಣೆಯ ಹೆಸರಿನಲ್ಲಿ ಹೆಣ್ಣುಮಕ್ಕಳ ಅವಕಾಶ ಕಿತ್ತುಕೊಳ್ಳುವ ಬದಲು ಅವರು ನಿರ್ಭಯವಾಗಿ ಇರುವಂತೆ ನೋಡಿಕೊಳ್ಳಬೇಕು ಎಂಬುದು ಆ ತೀರ್ಪಿನ ತಿರುಳು. ಅದು ನೌಕರಿಯ ಪ್ರಶ್ನೆ, ಗಿರಾಕಿಗಳದ್ದಲ್ಲ, ಒಪ್ಪುತ್ತೇನೆ. ಆದರೆ ನಿಮ್ಮ ಮಾಲೀಕರ ತರ್ಕ ಹೂಬಹೂ ಅದೇ. ಗಿರಾಕಿ ಹೆಂಗಸರನ್ನು ತಡೆದರೂ ನಿಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವವರು, ಪಾತ್ರೆ ತಿಕ್ಕುವವರು, ಬೆಳಿಗ್ಗೆ ಹಾಲ್ ಗುಡಿಸುವವರು ಯಾರು? ಬಾಗಿಲು ಮುಚ್ಚಿದರೆ ಕಾಣದಂತಾಗುವುದು ಮಾಲೀಕರಿಗೆ ಮಾತ್ರ.

ತರಬೇತಿಗೆ ಬರುತ್ತೇನೆ. ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಾರ್ಖಾನೆ ಮತ್ತು ಹೋಟೆಲ್‌ಗಳಲ್ಲಿ ಲೈಂಗಿಕ ಕಿರುಕುಳ ತಡೆ ಸಮಿತಿಗಳ ಹೊರಗಿನ ಸದಸ್ಯೆಯಾಗಿ ಕೆಲಸ ಮಾಡುತ್ತಾ ಬಂದ ನನಗೆ, ಬಾರ್ ಸಿಬ್ಬಂದಿಯ ಜೊತೆ ಕುಳಿತಾಗಲೆಲ್ಲ ಎದುರಾಗುವ ಮೊದಲ ಮಾತು ಒಂದೇ: "ಕುಡಿದವರಿಗೆ ಮೈಮೇಲೆ ಎಚ್ಚರ ಇರುವುದಿಲ್ಲ ಮೇಡಂ, ಹಾಗಾಗಿ ಕೈ ಹಾಕುತ್ತಾರೆ." ಕೆನಡಾದ ಟೊರೊಂಟೊದಲ್ಲಿ ಕ್ಯಾಥರಿನ್ ಗ್ರಹಾಂ ಮತ್ತು ಸಂಗಡಿಗರು ತರಬೇತಾದ ವೀಕ್ಷಕರನ್ನು 118 ಬಾರ್ ಮತ್ತು ಕ್ಲಬ್‌ಗಳಿಗೆ ಗಿರಾಕಿಗಳಂತೆ ಕಳುಹಿಸಿ, ನಡೆದದ್ದನ್ನೆಲ್ಲ ಬರೆಸಿದರು. ಲೈಂಗಿಕ ದಬ್ಬಾಳಿಕೆಯ ಘಟನೆಗಳನ್ನು ಬೇರ್ಪಡಿಸಿ 2014ರಲ್ಲಿ ಪ್ರಕಟಿಸಿದ ವರದಿಯಲ್ಲಿ ಎರಡು ಸಂಗತಿ ಎದ್ದು ಕಂಡವು. ಹತ್ತರಲ್ಲಿ ಒಂಬತ್ತು ಘಟನೆಗಳಲ್ಲಿ ಮುಂದಾದವರು ಗಂಡಸರು, ಗುರಿಯಾದವರು ಹೆಂಗಸರು. ಮತ್ತು ದೌರ್ಜನ್ಯದ ತೀವ್ರತೆ ಆ ಗಂಡಸು ಎಷ್ಟು ಕುಡಿದಿದ್ದ ಎಂಬುದಕ್ಕೆ ತಕ್ಕಂತೆ ಏರಲಿಲ್ಲ. ಹೆಣ್ಣು ಎಷ್ಟು ಕುಡಿದಿದ್ದಳು ಎಂಬುದಕ್ಕೆ ತಕ್ಕಂತೆ ಏರಿತು. ಅಂದರೆ ಎಚ್ಚರ ತಪ್ಪಿ ಕೈ ಹಾಕಿದವನಿಗಿಂತ, ಎಚ್ಚರವಿದ್ದು, ಎಚ್ಚರವಿಲ್ಲದವಳನ್ನು ಆರಿಸಿಕೊಂಡವನೇ ಹೆಚ್ಚು ಅಪಾಯಕಾರಿ. ನಡುವೆ ಬಂದು ತಡೆದ ಸಿಬ್ಬಂದಿ ಬಹಳ ಕಡಿಮೆ ಎಂಬುದನ್ನೂ ಅದೇ ವರದಿ ಗಮನಿಸಿತ್ತು.

ನಾನು ಕೊಡುವ ತರಬೇತಿಯೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ. ಕುಡಿದು ತೂರಾಡುವವರನ್ನು ಗುರುತಿಸಲು ನಿಮ್ಮ ಹುಡುಗರಿಗೆ ಯಾರೂ ಕಲಿಸಬೇಕಾಗಿಲ್ಲ. ವಾಂತಿ ಮಾಡುವವರು ಯಾರು, ಗ್ಲಾಸ್ ಒಡೆಯುವವರು ಯಾರು ಎಂದು ಅವರು ದೂರದಿಂದಲೇ ಹೇಳುತ್ತಾರೆ. ಕಲಿಸಬೇಕಾದದ್ದು ಕುಡಿಸುವವರನ್ನು ನೋಡುವುದನ್ನು.

ಇದನ್ನು ಸಪ್ಲೈಯರ್‌ಗಿಂತ ಚೆನ್ನಾಗಿ ನೋಡಬಲ್ಲವರು ಯಾರೂ ಇಲ್ಲ. ಆರ್ಡರ್ ಹೇಳುವವರು ಯಾರು, ಗ್ಲಾಸ್ ಖಾಲಿಯಾಗುವ ಮೊದಲೇ ಮತ್ತೆ ಸುರಿಯುವವರು ಯಾರು ಎಂದು ಅವನಿಗೆ ಗೊತ್ತು. ತನಗೆ ಬರೀ ಸೋಡಾ ಹಾಕಿಸಿಕೊಂಡು ಎದುರಿನವರಿಗೆ ಲಾರ್ಜ್ ಹೇಳುವವನು; ಹೆಣ್ಣುಮಗಳು ಶೌಚಾಲಯಕ್ಕೆ ಎದ್ದ ತಕ್ಷಣ ಅವಳ ಗ್ಲಾಸ್ ಹತ್ತಿರಕ್ಕೆ ಎಳೆದುಕೊಳ್ಳುವವನು; "ಸ್ಪ್ರೈಟ್‌ನಲ್ಲಿ ಸ್ವಲ್ಪ ವೋಡ್ಕಾ ಬೆರೆಸಿ ತಾ, ಅವಳಿಗೆ ಹೇಳಬೇಡ" ಎಂದು ಸಪ್ಲೈಯರ್ ಕೈಗೆ ನೂರರ ನೋಟು ತುರುಕುವವನು. ಗ್ಲಾಸ್‌ಗೆ ಮಾತ್ರೆ ಬೆರೆಸುವ ಕಥೆಗಳನ್ನೇ ಎಲ್ಲರೂ ಹೇಳುತ್ತಾರೆ, ಅದೂ ನಡೆಯುತ್ತದೆ. ಆದರೆ ಇಂಥ ಕೃತ್ಯಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಮತ್ತಿನ ವಸ್ತು ಮದ್ಯವೇ. ನಿಮ್ಮ ಕೌಂಟರ್‌ನಿಂದಲೇ ಹೋಗುತ್ತದೆ, ನಿಮ್ಮ ಬಿಲ್‌ನಲ್ಲೇ ಬರುತ್ತದೆ.

ಅದಕ್ಕಾಗಿ ಸಿಬ್ಬಂದಿಗೆ ಸ್ವಲ್ಪ ಲೆಕ್ಕ ಗೊತ್ತಿರಬೇಕು. 60 ಮಿಲಿಲೀಟರಿನ ಒಂದು ಲಾರ್ಜ್ ಪೆಗ್‌ನಲ್ಲಿ ಸುಮಾರು 20 ಗ್ರಾಂ ಮದ್ಯಸಾರ ಇರುತ್ತದೆ. 650 ಮಿಲಿಲೀಟರಿನ ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ, ಅದು ಶೇಕಡ 8ರದ್ದಾದರೆ, 40 ಗ್ರಾಂ. "ಬರೀ ಬಿಯರ್ ಕುಡಿದಿದ್ದಾರೆ" ಎನ್ನುವ ಮಾತಿನ ಅರ್ಥ ಎರಡು ಲಾರ್ಜ್ ಎಂದು. ಆರೋಗ್ಯವಂತರ ದೇಹ ಗಂಟೆಗೆ ಕರಗಿಸುವುದು 7ರಿಂದ 10 ಗ್ರಾಂ ಮಾತ್ರ. ಒಂದು ಗಂಟೆಯಲ್ಲಿ ಮೂರು ಲಾರ್ಜ್ ಒಳಗೆ ಹೋದರೆ ಅದು ಇಳಿಯಲು ಆರು ಗಂಟೆಗೂ ಮೇಲೆ ಬೇಕು; ಕಾಫಿ, ಮಜ್ಜಿಗೆ, ನಿಂಬೆರಸ ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ಒಂದೇ ತೂಕದ ಗಂಡಸಿಗಿಂತ ಹೆಂಗಸಿನ ರಕ್ತದಲ್ಲಿ ಅದೇ ಪ್ರಮಾಣ ಹೆಚ್ಚು ಏರುತ್ತದೆ, ದೇಹದಲ್ಲಿ ನೀರಿನ ಅಂಶ ಕಡಿಮೆ ಇರುವುದರಿಂದ. ಈ ಲೆಕ್ಕದಿಂದ ಒಂದು ನಿಯಮ ಹುಟ್ಟುತ್ತದೆ: ಕುಡಿಯುವವರೇ ತಮ್ಮದನ್ನು ಕೇಳಬೇಕು. ಒಬ್ಬರು ಇನ್ನೊಬ್ಬರಿಗಾಗಿ ಮದ್ಯ ಹೇಳಿದರೆ ಸಪ್ಲೈಯರ್ ಆ ಇನ್ನೊಬ್ಬರ ಕಡೆ ತಿರುಗಿ, "ಮೇಡಂ, ನಿಮಗೆ ಲಾರ್ಜ್ ಹೇಳಿದ್ದಾರೆ, ತರಲೇ?" ಎಂದು ಕೇಳಬೇಕು. ಇಷ್ಟಕ್ಕೇ ಅರ್ಧ ಆಟ ಕೆಡುತ್ತದೆ. ಗುಟ್ಟಾಗಿ ಬೆರೆಸು ಎಂದರೆ ಅದು ಯಾವ ಬೆಲೆಗೂ ಆಗದ ಕೆಲಸ ಎಂದು ಗೋಡೆಯ ಮೇಲೆ ಬರೆದು ಹಾಕಿ.

ಕಂಡ ಮೇಲೆ ಏನು ಮಾಡಬೇಕು? ಇಲ್ಲಿ ಹುಡುಗರು ಹೆದರುತ್ತಾರೆ. ಗಣಿ ಧಣಿಯ ಕಡೆಯವರೋ, ಗುತ್ತಿಗೆದಾರರೋ, ಊರಿನ ಪುಢಾರಿಯೋ ಎದುರಿಗೆ ಕುಳಿತಿರುತ್ತಾರೆ. ತಿಂಗಳ ಸಂಬಳಕ್ಕೆ ದುಡಿಯುವ ಹುಡುಗ ಅಂಥವರ ಕೈ ಹಿಡಿದು ತಡೆಯಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಬಾರ್ ಸಿಬ್ಬಂದಿಗೆ ಮೊದಲೇ ಬರುವ ಒಂದು ವಿದ್ಯೆಯಿದೆ. ಎರಡು ಟೇಬಲ್‌ಗಳ ನಡುವೆ ಜಗಳ ಹೊತ್ತಿಕೊಳ್ಳುವ ಸೂಚನೆ ಕಂಡರೆ ಅನುಭವಿ ಸಪ್ಲೈಯರ್ ಏನು ಮಾಡುತ್ತಾನೆ? ನಡುವೆ ಹೋಗಿ ನಿಂತು ಆಶ್‌ಟ್ರೇ ಬದಲಾಯಿಸುತ್ತಾನೆ. ಕೇಳದಿದ್ದರೂ ನೀರು ತಂದಿಡುತ್ತಾನೆ. ಆರ್ಡರ್ ತಡಮಾಡುತ್ತಾನೆ. ಒಬ್ಬನನ್ನು, "ಅಣ್ಣಾ, ನಿಮ್ಮ ಬೈಕ್ ಹಿಂದೆ ಗಾಡಿ ಸಿಕ್ಕಿಕೊಂಡಿದೆಯಂತೆ, ಸ್ವಲ್ಪ ತೆಗೆಯುತ್ತೀರಾ?" ಎಂದು ಹೊರಗೆ ಕರೆದೊಯ್ಯುತ್ತಾನೆ. ಬಾಟಲಿ ಏಳುವ ಮೊದಲೇ ಜಗಳ ಆರುತ್ತದೆ, ಆರಿಸಿದವನು ಯಾರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಹೆಣ್ಣುಮಗಳೊಬ್ಬಳು ಇಕ್ಕಟ್ಟಿನಲ್ಲಿದ್ದಾಗಲೂ ಬೇಕಾದದ್ದು ಇದೇ ವಿದ್ಯೆ. ಅವನನ್ನು ಗಾಡಿಯ ನೆಪದಲ್ಲಿ ಎಬ್ಬಿಸಿದ ಎರಡು ನಿಮಿಷದಲ್ಲಿ ಮಹಿಳಾ ಸಿಬ್ಬಂದಿಯೊಬ್ಬರು ಹೋಗಿ, "ಅಕ್ಕಾ, ಆರಾಮಾಗಿದ್ದೀರಾ? ಯಾರಿಗಾದರೂ ಫೋನ್ ಮಾಡಬೇಕೇ?" ಎಂದು ಕೇಳಬಹುದು. ಕೇಳಬೇಕಾದದ್ದು ಅವಳನ್ನು, ಅವನಿಲ್ಲದಾಗ. ಅವನ ಎದುರೇ ಕೇಳಿದರೆ ಸಿಗುವ ಉತ್ತರ "ಏನಿಲ್ಲ, ಆರಾಮಿದ್ದೇನೆ" ಎಂದಷ್ಟೇ.

ಈ ಪಾಠವನ್ನು ಭಾಷಣ ಮಾಡಿ ಕಲಿಸಲು ಆಗುವುದಿಲ್ಲ. ಮಧ್ಯಾಹ್ನದ ಊಟದ ಗಿರಾಕಿಗಳು ಹೋಗಿ ಸಂಜೆಯವರು ಬರುವ ಮೊದಲು ಒಂದು ಗಂಟೆ ಬಿಡುವು ಸಿಗುತ್ತದಲ್ಲ, ಆಗ ನಿಮ್ಮ ಹಾಲ್‌ನಲ್ಲೇ, ನಿಮ್ಮ ಟೇಬಲ್‌ಗಳ ಮೇಲೆಯೇ ಆಡಿಸಿ. ಸಪ್ಲೈಯರ್‌ಗಳ ಮುಖ್ಯಸ್ಥನಾದ ಕ್ಯಾಪ್ಟನ್‌ಗೆ ಗಿರಾಕಿಯ ಪಾತ್ರ, ಕ್ಯಾಶಿಯರ್‌ಗೆ ಅವನ ಜೊತೆ ಬಂದವಳ ಪಾತ್ರ, ಉಳಿದವರು ಒಬ್ಬೊಬ್ಬರಾಗಿ ಬಂದು ನಡುವೆ ಬೀಳಬೇಕು. ಬಳ್ಳಾರಿಯ ಒಂದು ಹೋಟೆಲ್‌ನಲ್ಲಿ ಹೀಗೆ ಆಡಿಸುವಾಗ ಸಪ್ಲೈಯರ್‌ಗಳೆಲ್ಲ ಸಿನಿಮಾ ನಾಯಕರಂತೆ ಎದೆಯುಬ್ಬಿಸಿ, "ಏನ್ ಸರ್ ಇದು?" ಎಂದು ಮೇಲೆ ಬಿದ್ದರು, ಗಿರಾಕಿ ಪಾತ್ರದ ಕ್ಯಾಪ್ಟನ್‌ಗೆ ನಿಜವಾಗಿಯೇ ಸಿಟ್ಟು ಬಂತು. ಕೊನೆಗೆ ಬಂದವನು ಒಡಿಶಾದ ಕ್ಲೀನರ್ ಹುಡುಗ, ಕನ್ನಡ ಅರ್ಧಂಬರ್ಧ. ಮಾಪ್ ಹಿಡಿದು ಬಂದ. "ಸರ್, ಕಾಲು" ಎಂದ. ಕ್ಯಾಪ್ಟನ್ ಕಾಲೆತ್ತಿದ. ಹುಡುಗ ಒರೆಸಿದ್ದನ್ನೇ ಒರೆಸುತ್ತಾ, ಮತ್ತೆ "ಸರ್, ಈ ಕಡೆ ಕಾಲು" ಎನ್ನುತ್ತಾ, ಕುರ್ಚಿಯನ್ನು ಒಂದಿಷ್ಟು ಒಂದಿಷ್ಟೇ ಹಿಂದಕ್ಕೆ ಸರಿಸಿಸುತ್ತಾ, ಗಿರಾಕಿಯನ್ನು ಆ ಹೆಂಗಸಿನಿಂದ ಎರಡು ಮಾರು ದೂರ ಮಾಡಿಬಿಟ್ಟ. ಹಾಲ್ ಎಲ್ಲ ನಕ್ಕಿತು. ಆ ದಿನದ ಪಾಠಕ್ಕೆ ಅದಕ್ಕಿಂತ ಹೆಚ್ಚಿನದೇನೂ ಬೇಕಾಗಲಿಲ್ಲ.

ಈ ಸಣ್ಣ ನೆಪಗಳು ಕೆಲಸ ಮಾಡದಿದ್ದರೆ ಮುಂದಿನ ಹೆಜ್ಜೆ ಸಪ್ಲೈಯರ್‌ದಲ್ಲ, ನಿಮ್ಮದು. ಅವನು ಕೌಂಟರ್‌ಗೆ ಬಂದು ಹೇಳಿದರೆ ಅವನ ಕರ್ತವ್ಯ ಮುಗಿಯಿತು. ನಿಮ್ಮ ಹುಡುಗ ಮಾಡಿದ್ದು ಅದನ್ನೇ. ಅಲ್ಲಿಂದಾಚೆ ಮ್ಯಾನೇಜರ್ ಹೋಗಬೇಕು, ಒಬ್ಬರೇ ಹೋಗಬಾರದು, ದನಿ ಏರಿಸಬಾರದು, "ಈ ಟೇಬಲ್‌ಗೆ ಇನ್ನು ಡ್ರಿಂಕ್ಸ್ ಇಲ್ಲ ಸರ್" ಎಂದು ಬಿಲ್ ಇಡಬೇಕು. ಕೈ ಮೀರುತ್ತಿದೆ ಎನಿಸಿದರೆ 112ಕ್ಕೆ ಕರೆ ಮಾಡಬೇಕು. ಯಾರು ಮಾಡಬೇಕು ಎಂದು ಮೊದಲೇ ಗೊತ್ತಿರಲಿ, ಇಲ್ಲದಿದ್ದರೆ ಎಲ್ಲರೂ ಇನ್ನೊಬ್ಬರು ಮಾಡಿರಬಹುದು ಎಂದುಕೊಂಡು ನಿಂತಿರುತ್ತಾರೆ.

ಇಂಗ್ಲೆಂಡ್‌ನ ಲಿಂಕನ್‌ಶೈರ್‌ನಲ್ಲಿ 2016ರಲ್ಲಿ ಒಂದು ಉಪಾಯ ಶುರುವಾಯಿತು. ಶೌಚಾಲಯದಲ್ಲಿ ಒಂದು ಪೋಸ್ಟರ್: ತೊಂದರೆಯಲ್ಲಿದ್ದರೆ ಕೌಂಟರ್‌ಗೆ ಬಂದು "ಏಂಜೆಲಾ ಇದ್ದಾರಾ?" ಎಂದು ಕೇಳಿ, ಸಿಬ್ಬಂದಿಗೆ ಅರ್ಥವಾಗುತ್ತದೆ. ಅದು ಬೇರೆ ದೇಶಗಳಿಗೂ ಹರಡಿತು. ಎಷ್ಟೋ ಕಡೆ ಪೋಸ್ಟರ್ ಅಂಟಿಸಿ ಸಿಬ್ಬಂದಿಗೆ ಹೇಳುವುದನ್ನೇ ಮರೆತರು ಎಂಬ ದೂರೂ ಬಂತು. ನಮ್ಮಲ್ಲಿ ಗುಪ್ತಪದ ನಡೆಯುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಗಂಡಸರೇ ತುಂಬಿದ ಹಾಲ್ ದಾಟಿ ಕೌಂಟರ್‌ವರೆಗೆ ಹೆಣ್ಣುಮಗಳು ಬರುವುದೇ ಕಷ್ಟ. ಅದರ ಬದಲು ಹೆಂಗಸರ ಶೌಚಾಲಯದ ಬಾಗಿಲ ಒಳಬದಿಯಲ್ಲಿ ಕೌಂಟರ್‌ನ ಮೊಬೈಲ್ ನಂಬರ್ ಬರೆದು, "ತೊಂದರೆ ಇದ್ದರೆ ಮಿಸ್ಡ್ ಕಾಲ್ ಕೊಡಿ, ನಮ್ಮ ಮಹಿಳಾ ಸಿಬ್ಬಂದಿ ಬಾಗಿಲಿಗೆ ಬರುತ್ತಾರೆ" ಎಂದು ಕನ್ನಡ, ತೆಲುಗು, ಉರ್ದು, ಹಿಂದಿಯಲ್ಲಿ ಹಾಕಿ. ಆ ಶೌಚಾಲಯಕ್ಕೆ ಮೊದಲು ಒಂದು ಗಟ್ಟಿ ಚಿಲಕ ಹಾಕಿಸಿ. ಖಾಲಿ ಬಾಟಲಿಯ ಕ್ರೇಟುಗಳ ಹಿಂದೆ, ಬಲ್ಬ್ ಇಲ್ಲದ ಓಣಿಯ ಕೊನೆಯಲ್ಲಿ ಹೆಂಗಸರ ಶೌಚಾಲಯ ಇಟ್ಟಿರುವ ಬಾರ್‌ಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಫ್ಯಾಮಿಲಿ ಕ್ಯಾಬಿನ್‌ಗಳ ಪರದೆಯನ್ನೂ ತೆಗೆಸಿ. ಅರ್ಧ ಎತ್ತರದ ಬಾಗಿಲು ಸಾಕು.

ಲಾಡ್ಜ್ ಕೀಲಿಯ ಬಗ್ಗೆ ಲಿಖಿತ ನಿಯಮ ಮಾಡಿ: ತನ್ನ ಗುರುತಿನ ಚೀಟಿಯನ್ನು ತಾನೇ ತೆಗೆದುಕೊಟ್ಟು, ರಿಜಿಸ್ಟರ್‌ನಲ್ಲಿ ತಾನೇ ಸಹಿ ಮಾಡಲಾಗದ ಸ್ಥಿತಿಯಲ್ಲಿರುವವರನ್ನು ಇನ್ನೊಬ್ಬರು ರೂಮ್‌ಗೆ ಕರೆದೊಯ್ಯುವಂತಿಲ್ಲ. ಇಷ್ಟೇ. ಇದನ್ನು ಒತ್ತಿ ಹೇಳಲು ಕಾರಣವಿದೆ. ಇಂಥ ತರಬೇತಿ ಕೊಟ್ಟ ಕೂಡಲೇ ಕೆಲವರಿಗೆ ಹುರುಪು ಬಂದು, ಜೋಡಿಯಾಗಿ ಬಂದವರನ್ನೆಲ್ಲ "ನಿಮಗೆ ಮದುವೆಯಾಗಿದೆಯೇ? ಯಾವ ಜಾತಿ? ಮನೆಯವರಿಗೆ ಗೊತ್ತೇ?" ಎಂದು ಕಾಡಲು ಶುರುಮಾಡುತ್ತಾರೆ. ಅದು ನೈತಿಕ ಪೊಲೀಸ್‌ಗಿರಿ; ಅದರಿಂದ ಹೆಣ್ಣುಮಕ್ಕಳಿಗೆ ಅಪಾಯ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ವಯಸ್ಕರಿಬ್ಬರು ಒಪ್ಪಿ ಒಟ್ಟಿಗಿರುವುದು ಅಪರಾಧವಲ್ಲ. ನಿಮ್ಮ ಸಿಬ್ಬಂದಿ ಕೇಳಬೇಕಾದ ಪ್ರಶ್ನೆ ಒಂದೇ: ಈಕೆ ತನಗೆ ಬೇಕೋ ಬೇಡವೋ ಎಂದು ತಾನೇ ಹೇಳುವ ಸ್ಥಿತಿಯಲ್ಲಿದ್ದಾಳೆಯೇ? ಗಂಡನೇ ಕರೆದುಕೊಂಡು ಬಂದಿದ್ದರೂ ಕೀಲಿಯ ನಿಯಮ ಬದಲಾಗಬಾರದು.

ಎಚ್ಚರವಿಲ್ಲದವರನ್ನು ಕೌಂಟರ್‌ಗೆ ಹತ್ತಿರ, ಬೆಳಕಿರುವ ಕಡೆ, ಮಹಿಳಾ ಸಿಬ್ಬಂದಿಯ ಜೊತೆ ಕೂರಿಸಿ. ಮಲಗಲೇಬೇಕಾದರೆ ಎಡ ಮಗ್ಗುಲಿಗೆ ಮಲಗಿಸಿ. ಅಂಗಾತ ಮಲಗಿ ವಾಂತಿಯಾದರೆ ಉಸಿರುಗಟ್ಟುತ್ತದೆ. ಕರೆದರೆ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ತುಟಿ ನೀಲಿಗಟ್ಟಿದರೆ ಕಾಯಬೇಡಿ, 108. ಯಾರಿಗೆ ಫೋನ್ ಮಾಡಬೇಕು ಎಂಬುದು ಆಕೆಯ ಆಯ್ಕೆ. ಮೊಬೈಲ್‌ನಲ್ಲಿ "ಅಪ್ಪ" ಎಂದು ಕಂಡ ತಕ್ಷಣ ಒತ್ತಿಬಿಡುವ ಹುಡುಗರಿದ್ದಾರೆ. ಮನೆಯಲ್ಲಿ ಮರುದಿನ ಅವಳಿಗೆ ಏನು ಕಾದಿದೆಯೋ ನಮಗೆ ಗೊತ್ತಿಲ್ಲ. ಗೆಳತಿ, ಅಕ್ಕ, ಹಾಸ್ಟೆಲ್‌ನ ಜೊತೆಗಾತಿ ಯಾರೆಂದು ಕೇಳಿ. ಆಟೋದಲ್ಲಿ ಕಳುಹಿಸುವುದಾದರೆ ನಿಮಗೆ ಪರಿಚಯದ ಚಾಲಕನಿರಲಿ, ಗಾಡಿ ನಂಬರ್ ಬರೆದುಕೊಳ್ಳಿ, ತಲುಪಿದ ಮೇಲೆ ಫೋನ್ ಬರಲಿ. ನಿಮ್ಮ ಸಿಬ್ಬಂದಿಯಲ್ಲಿ ಒಬ್ಬನೇ ಗಂಡಸು "ನಾನು ಬಿಟ್ಟು ಬರುತ್ತೇನೆ" ಎಂದು ಹೊರಡುವಂತಿಲ್ಲ, ಅವನು ಎಷ್ಟೇ ಒಳ್ಳೆಯವನಾಗಿರಲಿ.

ಗ್ಲಾಸ್‌ಗೆ ಏನೋ ಬೆರೆಸಿದ್ದಾರೆ ಎಂಬ ಅನುಮಾನ ಬಂದರೆ ಆ ಕ್ಷಣ ಮುಖ್ಯನಾಗುವವನು ಕ್ಲೀನರ್. ಟೇಬಲ್ ಖಾಲಿಯಾದ ಕೂಡಲೇ ಗ್ಲಾಸ್ ಎತ್ತಿ ತೊಳೆಯುವುದು ಅವನ ಅಭ್ಯಾಸ. ತೊಳೆದರೆ ಸಾಕ್ಷಿಯೂ ಮೋರಿಗೆ. "ಈ ಟೇಬಲ್ ಮುಟ್ಟಬೇಡ" ಎಂದು ಕ್ಯಾಪ್ಟನ್ ಹೇಳಿದರೆ ಬಾಟಲಿ, ಗ್ಲಾಸ್, ಉಳಿದ ಪಾನೀಯ ಎಲ್ಲವೂ ಇದ್ದಲ್ಲೇ ಇರಬೇಕು. ಆಕೆಯನ್ನು ಬೇಗ ಆಸ್ಪತ್ರೆಗೆ ಸೇರಿಸಿ, ಏಕೆಂದರೆ ಕೆಲವು ಮತ್ತಿನ ವಸ್ತುಗಳು ಕೆಲವೇ ಗಂಟೆಗಳಲ್ಲಿ ರಕ್ತ, ಮೂತ್ರದಿಂದ ಮಾಯವಾಗುತ್ತವೆ. ಬಳ್ಳಾರಿಯಲ್ಲಿ ಹಿಂದೆ ವಿಮ್ಸ್ ಎಂದು ಕರೆಯುತ್ತಿದ್ದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್ ಇವೆ. ಅತ್ಯಾಚಾರಕ್ಕೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಯೂ ಉಚಿತ ಪ್ರಥಮ ಚಿಕಿತ್ಸೆ ಕೊಡಲೇಬೇಕು. ನಿರಾಕರಿಸಿದರೆ ನ್ಯಾಯ ಸಂಹಿತೆಯ 200ನೇ ಕಲಂ ಪ್ರಕಾರ ಅದೇ ಅಪರಾಧ. ಸಿ.ಸಿ. ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆ, ಅಂದರೆ ಡಿವಿಆರ್, ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ, ಆದ್ದರಿಂದ ಅದೇ ರಾತ್ರಿ ಪ್ರತಿ ತೆಗೆದಿಡಿ. ಅದನ್ನು ಪೊಲೀಸರಿಗಲ್ಲದೆ ಬೇರೆ ಯಾರಿಗೂ ಕೊಡಬೇಡಿ. ಸಿಬ್ಬಂದಿಯ ವಾಟ್ಸ್ಆ್ಯಪ್ ಗುಂಪಿಗಂತೂ ಬೇಡವೇ ಬೇಡ. ಸಂತ್ರಸ್ತೆಯ ಗುರುತು ಬಯಲಾಗುವಂತೆ ಪ್ರಕಟಿಸಿದರೆ 72ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಜೈಲು.

ಗಿರಾಕಿಗಳ ಮೇಲೆ ಇಷ್ಟೆಲ್ಲ ಕಣ್ಣಿಡುವ ಮೊದಲು ನಿಮ್ಮ ಮನೆಯೊಳಗೆ ನೋಡಿಕೊಳ್ಳಿ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ, ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿ ಇರಲೇಬೇಕು, ಅಧ್ಯಕ್ಷೆ ಮಹಿಳೆಯೇ ಆಗಿರಬೇಕು. ಏಜೆನ್ಸಿಯಿಂದ ಬಂದ ವಾಚ್‌ಮನ್, ದಿನಗೂಲಿ ಹೆಂಗಸರು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಇದ್ದರೆ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಬಹುಪಾಲು ಮಾಲೀಕರಿಗೆ ತಿಳಿಯದ ಎರಡು ಮಾತು ಈ ಕಾಯ್ದೆಯಲ್ಲಿವೆ. ದೂರು ಕೊಡುವವಳು ಅಲ್ಲಿನ ನೌಕರಳೇ ಆಗಿರಬೇಕಾಗಿಲ್ಲ, ಅಂದರೆ ನಿಮ್ಮ ಸಿಬ್ಬಂದಿಯಿಂದ ಕಿರುಕುಳಕ್ಕೊಳಗಾದ ಗಿರಾಕಿಯೂ ದೂರಬಹುದು. ಮತ್ತು ಹೊರಗಿನಿಂದ ಬರುವವರಿಂದ ನೌಕರರನ್ನು ಕಾಪಾಡುವುದೂ ಮಾಲೀಕರ ಕರ್ತವ್ಯ. ಪಾತ್ರೆ ತಿಕ್ಕುವ ಹೆಣ್ಣುಮಗಳ ಸೆರಗು ಎಳೆದ ಗಿರಾಕಿಯನ್ನು "ಕುಡಿದಿದ್ದಾನೆ, ಬಿಡಮ್ಮ" ಎಂದು ಸಾಗಹಾಕುವ ಬಾರ್‌ನಲ್ಲಿ ಟೇಬಲ್‌ನಲ್ಲಿ ಕುಳಿತ ಹೆಣ್ಣುಮಗಳನ್ನು ಯಾವ ಸಪ್ಲೈಯರೂ ಕಾಯುವುದಿಲ್ಲ. ಹಣ ಕೇಳಲು ಬರುವ ಮಂಗಳಮುಖಿಯರ ಮೈಮುಟ್ಟಿ ಮೋಜು ಮಾಡುವುದನ್ನೂ ಇದೇ ಸಾಲಿಗೆ ಸೇರಿಸಿ, ಅದೂ ಶಿಕ್ಷಾರ್ಹ.

2025ರ ಮಾರ್ಚ್ 6ರ ರಾತ್ರಿ ಗಂಗಾವತಿ ತಾಲ್ಲೂಕಿನ ಸಣಾಪುರದ ಬಳಿ, ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಗಿ, ಜೊತೆಗಿದ್ದವರನ್ನು ನೀರಿಗೆ ತಳ್ಳಿ ಒಬ್ಬರು ಸತ್ತ ಮೇಲೆ, ನಮ್ಮ ಭಾಗದ ಹೋಟೆಲ್‌ನವರು ಇಂಥ ತರಬೇತಿಗಳ ಬಗ್ಗೆ ವಿಚಾರಿಸುವುದು ಹೆಚ್ಚಾಗಿದೆ. ಅಂಥ ಕೃತ್ಯವನ್ನು ಬಾರ್ ಸಿಬ್ಬಂದಿಯ ತರಬೇತಿ ತಡೆಯುತ್ತಿರಲಿಲ್ಲ. ಅದು ಕತ್ತಲ ದಾರಿಯ, ಗಸ್ತಿನ ಪ್ರಶ್ನೆ. ನಿಮ್ಮ ಹಾಲ್‌ನಲ್ಲಿ ಎದುರಾಗುವವನು ಬಹುತೇಕ ಅಪರಿಚಿತನಲ್ಲ, ಆಕೆಯ ಜೊತೆಯಲ್ಲೇ ಬಂದವನು, ಬಿಲ್ ಕೊಡುವವನು. ಅದಕ್ಕೇ ಅವನನ್ನು ತಡೆಯುವುದು ಕಷ್ಟ.

ಬಿಲ್ ಎಂದ ಮೇಲೆ ಟಿಪ್ಸ್ ಬಗ್ಗೆಯೂ ಹೇಳಬೇಕು. ಸಪ್ಲೈಯರ್‌ಗೆ ದೊಡ್ಡ ಟಿಪ್ಸ್ ಕೊಡುವವನು ಕುಡಿಸುವವನೇ. ಅವನ ಆಟ ಕೆಡಿಸಿದ ರಾತ್ರಿ ಹುಡುಗನ ಜೇಬು ಖಾಲಿ. ಈ ನಷ್ಟವನ್ನು ಮಾಲೀಕರು ತುಂಬಿಕೊಡದಿದ್ದರೆ ಬೇರೆ ಎಲ್ಲವೂ ಎರಡು ವಾರದಲ್ಲಿ ಮರೆತುಹೋಗುತ್ತದೆ. ಗಲಾಟೆಯಾದ ಟೇಬಲ್‌ನ ಬಾಕಿ ಮಾಲೀಕರದು, ಅಂದಿನ ಟಿಪ್ಸ್‌ಗೆ ಬದಲಾಗಿ ಇಷ್ಟು ಎಂದು ಮೊದಲೇ ಗೊತ್ತುಮಾಡಿ. ಟೊರೊಂಟೊದಲ್ಲಿ ಬಾರ್ ಸಿಬ್ಬಂದಿಗೆ ಮೂರು ಗಂಟೆಯ ತರಬೇತಿ ಕೊಟ್ಟು ಹೊಡೆದಾಟ ಕಡಿಮೆಯಾಯಿತೇ ಎಂದು ಅದೇ ತಂಡ ಪರೀಕ್ಷಿಸಿತ್ತು. ಫಲಿತಾಂಶ 2004ರಲ್ಲಿ ಬಂತು. ಕಡಿಮೆಯಾಗಿತ್ತು, ಆದರೆ ಮ್ಯಾನೇಜರ್ ಮತ್ತು ಬಾಗಿಲು ಕಾಯುವವರು ಪದೇಪದೇ ಬದಲಾದ ಬಾರ್‌ಗಳಲ್ಲಿ ಆ ಲಾಭ ಸೋರಿಹೋಗಿತ್ತು. ನಮ್ಮಲ್ಲಿ ಹುಡುಗರು ಹಬ್ಬಕ್ಕೆ ಊರಿಗೆ ಹೋದರೆ ವಾಪಸು ಬರುವ ಖಾತ್ರಿಯಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಹೊರಗಿನವರನ್ನು ಕರೆಸಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ, ಹೊಸಬ ಸೇರಿದ ವಾರದಲ್ಲೇ ಹಳಬನೊಬ್ಬ ಅರ್ಧ ಗಂಟೆ ಆಡಿಸಿ ತೋರಿಸುವುದು ಒಳ್ಳೆಯದು. ಆ ಹಳಬ ಯಾರಾಗಬೇಕು ಎಂಬ ಬಗ್ಗೆ ನಿಮಗೆ ಅನುಮಾನವಿರಲಾರದು. ಅವನಿಗೆ ಅದಕ್ಕಾಗಿ ಸಂಬಳದಲ್ಲಿ ಇನ್ನಷ್ಟು ಸೇರಿಸಿ.

ಕೊನೆಗೆ, ನೀವು ಕೇಳದಿದ್ದರೂ ತಿಳಿದಿರಬೇಕಾದದ್ದು: ಪೊಲೀಸರಿಗೆ ಯಾವಾಗ ಹೇಳಬೇಕು? ಕೃತ್ಯ ನಡೆಯುತ್ತಿದ್ದರೆ, ನಡೆಯುವ ಅಪಾಯ ಕಂಡರೆ ಕೂಡಲೇ 112. ನಡೆದುಹೋಗಿದ್ದು, ಆಕೆ ವಯಸ್ಕಳಾಗಿದ್ದರೆ ದೂರು ಕೊಡುವುದು ಬಿಡುವುದು ಆಕೆಯ ತೀರ್ಮಾನ. ನೀವು ಒತ್ತಾಯಿಸಬೇಡಿ, "ಸುಮ್ಮನಿರಿ, ಮರ್ಯಾದೆ ಹೋಗುತ್ತದೆ" ಎಂದೂ ಹೇಳಬೇಡಿ. 181 ಮಹಿಳಾ ಸಹಾಯವಾಣಿ ಇದೆ, ಜಿಲ್ಲಾ ಕೇಂದ್ರದ ಸಖಿ ಕೇಂದ್ರದಲ್ಲಿ ವೈದ್ಯಕೀಯ, ಕಾನೂನು, ತಂಗುವ ನೆರವು ಒಂದೇ ಕಡೆ ಸಿಗುತ್ತದೆ, ಯಾವ ಠಾಣೆಯಲ್ಲಿ ಬೇಕಾದರೂ ದೂರು ದಾಖಲಿಸಬಹುದು ಎಂದು ತಿಳಿಸಿ. ಹದಿನೆಂಟು ತುಂಬದವರಾದರೆ, ಹುಡುಗಿಯಾಗಲಿ ಹುಡುಗನಾಗಲಿ, ಆಯ್ಕೆಯೇ ಇಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ತಿಳಿದವರು ಯಾರೇ ಆಗಲಿ ವರದಿ ಮಾಡಲೇಬೇಕು. ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲು. ತನ್ನ ಕೈಕೆಳಗಿನ ನೌಕರನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗಾದರೆ ಒಂದು ವರ್ಷದವರೆಗೆ. ಈ ಒಂದು ಸಾಲನ್ನು ನಿಮ್ಮ ಮಾಲೀಕರಿಗೆ ಓದಿ ಹೇಳಿ, ಸಂಬಳ ಹಿಡಿಯುವ ಮಾತನ್ನು ಆಮೇಲೆ ಎತ್ತಿ.